ಎರಡು ಗಾಡಿ, ಒಂದು ಬರೋಬ್ಬರಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ನನಗೆ ತಿಳಿಯುತ್ತಿಲ್ಲ. ಮೂರು ಸಲ ಶುರು ಮಾಡಿ ಮೂರು ಸಲ ಹರಿದು ಹಾಕಿದೆ. ಮೊದಲನೆಯ ಸಲ ‘ಅಫಜಲಪುರದ ಬಿಸಿಲು’ ಎಂದು ಬರೆದು ಪೆನ್ನು ಕಚ್ಚುತ್ತ ಕೂತೆ. ಆ ಬಿಸಿಲಿನ ಬಗ್ಗೆ ಅಲ್ಲಿಯವರಿಗೆ ಗೊತ್ತಿಲ್ಲದ್ದನ್ನು ಹೇಳುವುದು ನನ್ನಿಂದಾಗುವ ಕೆಲಸವಲ್ಲ. ಎರಡನೆಯ ಸಲ ‘ಕರಜಗಿಯ ದೌಲತರಾಯ ತೀರಿಕೊಂಡು ಒಂದು ವರ್ಷವಾಗಿತ್ತು’ ಎಂದು ಬರೆದೆ; ಮೊದಲ ಸಾಲಿನಲ್ಲೇ ಹೆಣ ಇಟ್ಟರೆ ಓದುವವರು ಮುಖ ಗಂಟು ಹಾಕಿಕೊಂಡು ಕೂರುತ್ತಾರೆ, ಆಮೇಲೆ ನಾನು ತಿಪ್ಪರಲಾಗ ಹಾಕಿದರೂ ನಗುವುದಿಲ್ಲ. ಮೂರನೆಯ ಸಲ ಗೆರೆ ಎಳೆದು ಟೇಬಲ್ ಹಾಕಿದೆ. (ಹೌದು, ಟೇಬಲ್. ಕಥೆಯೊಳಗೆ ಟೇಬಲ್ ಹಾಕುವ ಲೇಖಕರನ್ನು ಕಂಡರೆ ನನಗೂ ಮೈ ಉರಿಯುತ್ತದೆ.) ಆದರೆ ಏನು ಮಾಡಲಿ, ಕಥೆ ನಿಂತಿರುವುದೇ ಎರಡು ಹಳೆಯ ಡೀಸೆಲ್ ಗಾಡಿಗಳ ಹೋಲಿಕೆಯ ಮೇಲೆ. ಹಾಗಾಗಿ ಗೆರೆ ಅಳಿಸಿ ವಿವರ ಉಳಿಸಿಕೊಂಡಿದ್ದೇನೆ. ಬೇಸರವಾದರೆ ಹಾರಿಸಿ ಮುಂದಕ್ಕೆ ಹೋಗಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

(ಮಾಡಿಕೊಳ್ಳುತ್ತೇನೆ.)

ಜೀಪು: ಎಪ್ಪತ್ತೆರಡರ ಮಾಡೆಲ್. ಹುಟ್ಟಿದ್ದು ಪೆಟ್ರೋಲಿಗೆ; ಆಮೇಲೆ ಸೊಲ್ಲಾಪುರದಲ್ಲಿ ಡೀಸೆಲ್ ಇಂಜಿನ್ ಕೂಡಿಸಿದ್ದು. ಸಿಲಿಂಡರ್ ನಾಲ್ಕು, ಗೇರು ಮೂರು. ಬೇಕೆಂದಾಗ ನಾಲ್ಕೂ ಗಾಲಿ ಎಳೆಯುತ್ತವೆ, ಎರೆ ಮಣ್ಣಿನ ಕೆಸರಿಗೆ ಅಂಜುವುದಿಲ್ಲ. ಸೀಟು ಆರ್‌ಟಿಓ ಪುಸ್ತಕದಲ್ಲಿ ಏಳು, ಜೇವರ್ಗಿ ರೋಡಿನಲ್ಲಿ ಹದಿನೇಳು. ಎವರೇಜ್, ಅಂದರೆ ಲೀಟರಿಗೆ ಓಡುವ ದಾರಿ, ಹನ್ನೊಂದು ಕಿಲೋಮೀಟರು. ಸೆಲ್ಫ್ ಹಿಡಿಯದಿದ್ದರೆ ಹದಿನೇಳರಲ್ಲಿ ಎಂಟು ಮಂದಿ ಇಳಿದು ಧಕ್ಕಾ ಕೊಡಬೇಕು.

ಮೆಟಡೋರ್: ಎಂಬತ್ತರ ಮಾಡೆಲ್. ಸಿಲಿಂಡರ್ ನಾಲ್ಕು, ಗೇರೂ ನಾಲ್ಕು. ಎಳೆಯುವುದು ಮುಂದಿನ ಗಾಲಿ. ಹಿಂದೆ ಜೋಳದ ಚೀಲ ಹೆಚ್ಚಾದರೆ ಕೆಸರಿನಲ್ಲಿ ಮುಂದಿನ ಗಾಲಿಗಳು ಬರೀ ತಿರುಗುತ್ತವೆ. ಇಂಜಿನ್ ಇರುವುದು ಡ್ರೈವರನ ಮಗ್ಗುಲಲ್ಲೇ, ಒಂದು ಮುಚ್ಚಳದಡಿ. ಡಿಸೆಂಬರಿನಲ್ಲಿ ಆ ಮುಚ್ಚಳದ ಮೇಲೆ ಕೂರಲು ಜನ ಜಗಳಾಡುತ್ತಾರೆ; ಏಪ್ರಿಲ್ ಬಂದರೆ ‘ನೀವು ಕೂಡ್ರಿ, ನೀವು ಕೂಡ್ರಿ’ ಎಂದು ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಾರೆ. ಸೀಟು ಪುಸ್ತಕದಲ್ಲಿ ಹದಿನಾಲ್ಕು, ಆಳಂದ ರೋಡಿನಲ್ಲಿ ಎಣಿಸಿದವರಿಲ್ಲ. ಎವರೇಜ್ ಹನ್ನೆರಡು, ಅದೂ ಅದರ ಮನಸ್ಸು ಚೆನ್ನಾಗಿದ್ದ ದಿನ.

ಇವೆರಡರಲ್ಲಿ ಯಾವುದು ಒಳ್ಳೆಯ ಗಾಡಿ? ಇಷ್ಟೇ ಪ್ರಶ್ನೆ. ಉತ್ತರ ಹೇಳಬೇಕಾದವರು ಹುಸೇನಸಾಬರು, ಅಫಜಲಪುರದ ಮೆಕ್ಯಾನಿಕ್, ಐವತ್ತೆಂಟು ವರ್ಷ, ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಬೇವಿನ ಮರ ಮತ್ತು ನಾಲ್ಕು ತಗಡಿನ ಒಡೆಯರು. ಇಸವಿ ೧೯೮೮.

೨

ಎರಡೂ ಗಾಡಿ ದೌಲತರಾಯನ ಮನೆಯವು. ದೊಡ್ಡ ಮಗ ಶಾಂತಲಿಂಗಪ್ಪ ಮೆಟಡೋರಿನಲ್ಲಿ ಜನರನ್ನು ಹತ್ತಿಸಿಕೊಂಡು ಕಡಗಂಚಿ ಮಾರ್ಗವಾಗಿ ಆಳಂದಕ್ಕೆ ಹೋಗುತ್ತಿದ್ದ. ಸಣ್ಣವ ಮಲ್ಲಣ್ಣ ಜೀಪು ತೆಗೆದುಕೊಂಡು ಜೇವರ್ಗಿ ಕಡೆ ಹೋಗುತ್ತಿದ್ದ. ಇಬ್ಬರಿಗೂ ಮಕ್ಕಳಾದವು, ಮನೆ ಸಾಲದಾಯಿತು, ಬೇರೆಯಾಗೋಣ ಎಂದರು. ಹೊಲ, ಮನೆ, ಎತ್ತು, ಹಿತ್ತಾಳೆಯ ಕೊಡ ಎಲ್ಲ ಹಂಚಿ ಆಯಿತು. ಗಾಡಿ ಉಳಿದವು. ಆ ಮನೆಯ ಪದ್ಧತಿ ಹೀಗೆ: ಪಾಲು ಮಾಡುವವನು ಅಣ್ಣ, ಮೊದಲು ಎತ್ತಿಕೊಳ್ಳುವವನು ತಮ್ಮ.

ಇಲ್ಲಿ ನಾನೊಂದು ಜಗಳ ಬರೆದೆ. ಎರಡು ಪುಟದ ಜಗಳ, ಸ್ವಲ್ಪ ಹೆಮ್ಮೆಯಿಂದಲೇ ಬರೆದೆ. ಶಾಂತಲಿಂಗಪ್ಪ ಬಡಿಗೆ ಎತ್ತುತ್ತಾನೆ, ಮಲ್ಲಣ್ಣ ಜೀಪಿನ ಕನ್ನಡಿ ಒಡೆಯುತ್ತಾನೆ, ತಾಯಿ ಗುರುಶಾಂತಮ್ಮ ಹೊಸ್ತಿಲ ಮೇಲೆ ಕುಸಿಯುತ್ತಾಳೆ. ಆಗ ಪುಟದ ಒಳಗಿನಿಂದ ಹುಸೇನಸಾಬರು ಸ್ಪ್ಯಾನರ್ ಕೆಳಗಿಟ್ಟು ಮಾತಾಡಿದರು.

“ಸಾಹೇಬ್ರ, ಯಾರ್ರೀ ಬಡಿಗಿ ಎತ್ತಿದ್ದು? ಶಾಂತಲಿಂಗಪ್ಪ? ಅಂವ ಇರಿವಿ ಕಂಡರ ಕಾಲು ಎತ್ತಿ ಇಡಾಂವ.”

“ಜಗಳ ಇಲ್ಲದೆ ಕಥೆ ಮಾಡೋದು ಹೇಗೆ ಹುಸೇನಸಾಬ್ರೆ?”

“ಅದು ನಿಮ್ಮ ದಂಧೆ, ನನಗೇನು ಗೊತ್ತ್ರಿ? ಆದ್ರ ಆ ಹುಡುಗರ ಹೆಸರು ಕೆಡಸಬ್ಯಾಡ್ರಿ. ಗುರುಶಾಂತಮ್ಮ ವೈನಿ ಇದನ್ನ ಓದಿದ್ರ ಏನಂದಾಳು?”

ಹರಿದೆ.

ಮತ್ತೆ ೨

ನಡೆದದ್ದು ಹೀಗೆ. ಮೊದಲು ಶಾಂತಲಿಂಗಪ್ಪ ಒಬ್ಬನೇ ಬೇವಿನ ಮರದ ಕೆಳಗೆ ಬಂದ. “ಕಾಕಾ, ಎರಡರಾಗ ಯಾವುದು ಚಲೋ ಅದ ನನಗಷ್ಟೇ ಹೇಳ್ರಿ. ತಮ್ಮ ಸಣ್ಣಾಂವ, ಚಲೋದು ಅವನಿಗೇ ಹೋಗ್ಲಿ. ಅವನಿಗೆ ಹೇಳಬ್ಯಾಡ್ರಿ ಮತ್ತ.” ಅವನು ಹೋದ ಎರಡನೆಯ ದಿನ ಮಲ್ಲಣ್ಣ ಒಬ್ಬನೇ ಬಂದ. “ಕಾಕಾ, ಯಾವುದರಾಗ ಕೊರತಿ ಅದ ಹೇಳ್ರಿ, ಅದು ನಾ ಎತ್ಕೋತೀನಿ. ಅಣ್ಣಗ ಮೂರು ಹೆಣ್ಣುಮಕ್ಕಳು. ಅವನಿಗೆ ಹೇಳಬ್ಯಾಡ್ರಿ ಮತ್ತ.” ಆ ಎರಡು ದಿನ ಅಕ್ಕಪಕ್ಕ ಯಾವ ಇಂಜಿನ್ನೂ ಗುಡುಗುತ್ತಿರಲಿಲ್ಲ, ಇಬ್ಬರೂ ಹುಸೇನಸಾಬರ ಬಲಗಿವಿಯ ಹತ್ತಿರ ಬಾಗಿ ಗುಟ್ಟಾಗಿ ಹೇಳಿದ್ದರಿಂದ ಅವರಿಗೆ ಒಂದೊಂದು ಅಕ್ಷರವೂ ಕೇಳಿಸಿತು. ಇಬ್ಬರೂ ಹೋದ ಮೇಲೆ ಹುಸೇನಸಾಬರು ಒಬ್ಬರೇ ನಕ್ಕರು, ಆಮೇಲೆ ಕಣ್ಣು ಒರೆಸಿಕೊಂಡರು. ಅಣ್ಣನಂತಿದ್ದ ದೌಲತರಾಯ ಇರಬೇಕಿತ್ತು ಇದನ್ನು ನೋಡಲು ಅನ್ನಿಸಿತು ಅವರಿಗೆ.

(ಬಲಗಿವಿ ಎಂದೆನಲ್ಲ, ಅದು ಬಾಯಿ ತಪ್ಪಿ ಬಂದದ್ದಲ್ಲ. ಬಂದೇ ಬಿಟ್ಟೆ ಅದಕ್ಕೆ.)

೩

ಆ ಸೀಮೆಯಲ್ಲಿ ಹುಸೇನಸಾಬರಿಗೆ ಹೆಸರು ಬಂದದ್ದು ಕಿವಿಯಿಂದ. ಸರಸಂಬಾದಿಂದ, ಜೇವರ್ಗಿಯಿಂದ ಗಾಡಿ ಬರುತ್ತಿದ್ದವು. ಅವರು ಇಂಜಿನ್ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಹೇಳುತ್ತಿದ್ದರು: ಎರಡನೇ ವಾಲ್ವು, ಮೂರನೇ ಸಿಲಿಂಡರ್, ಡೈನಮೋ. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ‘ಹುಸೇನಸಾಬ ಕಿವಿ ಇಟ್ಟರಂದ್ರ ಮುಗೀತು’ ಎಂದು ಜನ ಹೇಳುತ್ತಿದ್ದರು.

ಮೂವತ್ತು ವರ್ಷ ಡೀಸೆಲ್ ಇಂಜಿನ್ನಿಗೆ ಕಿವಿ ಕೊಟ್ಟರೆ ಡೀಸೆಲ್ ಇಂಜಿನ್ನು ಕಿವಿ ಇಟ್ಟುಕೊಂಡುಬಿಡುತ್ತದೆ. ಎಡಗಿವಿ ಹೋಗಿ ಮೂರು ವರ್ಷವಾಗಿತ್ತು. ಬಲಗಿವಿ ಹತ್ತಿರದ ಪಿಸುಮಾತಿಗೆ ಮಾತ್ರ ಬರುತ್ತಿತ್ತು. ಸುತ್ತ ಗದ್ದಲವಿದ್ದರೆ ಅದೂ ಇಲ್ಲ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಅಂಗೈಯನ್ನು ಬಾನೆಟ್ಟಿನ ಮೇಲಿಟ್ಟು, ಹೊಗೆಯ ಬಣ್ಣ ನೋಡಿ, ಮೂಸಿ, ಕೆಲಸ ಸಾಗಿಸುತ್ತಿದ್ದರು. ಸ್ಕ್ರೂಡ್ರೈವರನ್ನು ಈಗಲೂ ಕಿವಿಗೆ ಇಡುತ್ತಿದ್ದರು, ಕಣ್ಣೂ ಮುಚ್ಚುತ್ತಿದ್ದರು, ಯಾಕೆಂದರೆ ಜನ ಅದನ್ನು ನೋಡಲೆಂದೇ ನಿಲ್ಲುತ್ತಿದ್ದರು. ಒಳಗೊಳಗೆ ಅವರಿಗೆ ಹೇಳಲಾರದಷ್ಟು ನಾಚಿಕೆಯಾಗುತ್ತಿತ್ತು.

ಇನ್ನು ಜನ ಏನಾದರೂ ಕೇಳಿ, ಅದು ಕೇಳಿಸದಿದ್ದರೆ? ಅದಕ್ಕೂ ಒಂದು ಉಪಾಯ ಇತ್ತು. ತುಟಿ ನಿಂತಿತೆಂದರೆ ಕೈ ಎತ್ತಿ “ಬರೋಬ್ಬರಿ” ಅನ್ನುವುದು.

ಈ ಪದಕ್ಕೆ ನಾನು ಅಡಿಟಿಪ್ಪಣಿ ಬರೆಯುವುದಿಲ್ಲ, ಇಲ್ಲೇ ಹೇಳುತ್ತೇನೆ. ಬರೋಬ್ಬರಿ ಅಂದರೆ ಸರಿಯಾಗಿದೆ ಎಂದೂ ಆಗುತ್ತದೆ, ಸಮವಾಗಿದೆ ಎಂದೂ ಆಗುತ್ತದೆ, ನೀನು ಹೇಳಿದ್ದು ನಿಜ ಎಂದೂ ಆಗುತ್ತದೆ. ಸಾರಿನ ಉಪ್ಪಿಗೂ ಬರೋಬ್ಬರಿ, ತಕ್ಕಡಿಗೂ ಬರೋಬ್ಬರಿ, ಮಳೆ ಬರುತ್ತದೆ ಅಂದವನಿಗೂ ಬರೋಬ್ಬರಿ. ಕೇಳಿಸದವನಿಗೆ ಇಷ್ಟು ಉಪಕಾರಿಯಾದ ಪದ ಬೇರೆ ಯಾವ ಸೀಮೆಯಲ್ಲಿದೆಯೋ ನನಗೆ ಗೊತ್ತಿಲ್ಲ.

೪

ಶುಕ್ರವಾರ ಬೆಳಿಗ್ಗೆ ಪರೀಕ್ಷೆ. ಅಣ್ಣತಮ್ಮಂದಿರು ಎರಡೂ ಗಾಡಿ ತಂದು ಮರದ ಕೆಳಗೆ ನಿಲ್ಲಿಸಿದರು. ಜೊತೆಗೆ ಹಂಚಿಕೆಯ ಕಾಗದ ಬರೆಯುವ ಪಂಚರು, ಕರಜಗಿಯ ದೇವೀಂದ್ರಪ್ಪ. ಹುಸೇನಸಾಬರು ಮೊದಲು ಎರಡರದ್ದೂ ಹಳೆ ಆಯಿಲ್ ಬಸಿದು ಎರಡು ಕಬ್ಬಿಣದ ಬುಟ್ಟಿಗೆ ಬಿಟ್ಟು, ಹೊಸದು ಹಾಕಿದರು. ಟೈರು ಒದ್ದರು, ಬ್ರೇಕು ತುಳಿದರು, ಸ್ಟೇರಿಂಗ್ ಅಲುಗಾಡಿಸಿದರು. ಚೌಡಾಪುರದ ತನಕ ಒಂದೊಂದನ್ನೂ ಓಡಿಸಿ ಬಂದರು. ಪಿಕಪ್ಪಿನಲ್ಲಿ ಜೀಪು ಒಂದು ಕೈ ಮುಂದು, ಎವರೇಜಿನಲ್ಲಿ ಮೆಟಡೋರ್ ಒಂದು ಕೈ ಮುಂದು, ಕೆಸರಿಗೆ ಜೀಪು, ಹೊರೆಗೆ ಮೆಟಡೋರ್. ಕೊನೆಗೆ ಎರಡೂ ಇಂಜಿನ್ ಒಟ್ಟಿಗೆ ಚಾಲೂ ಮಾಡಿಸಿ ಸ್ಕ್ರೂಡ್ರೈವರ್ ತೆಗೆದರು.

ಅಂಗೈಗೆ ಜೀಪಿನ ನಡುಕ ಸಿಕ್ಕಿತು. ಆದರೆ ಆ ಜೀಪು ಯಾವತ್ತೂ ನಡುಗುವ ಜೀಪೇ.

ಆಗ ಮಲ್ಲಣ್ಣ ಏನೋ ಕೇಳಿದ. ಅವನ ತುಟಿ ಆಡಿದ್ದು ಕಂಡಿತು. ಅದೇ ಹೊತ್ತಿಗೆ ಆ ಕಡೆಯಿಂದ ಶಾಂತಲಿಂಗಪ್ಪನೂ ಏನೋ ಕೇಳಿದ.

(ನಾನು ಹಾಕಿಕೊಂಡ ನಿಯಮದ ಪ್ರಕಾರ ಹುಸೇನಸಾಬರ ಮಗ್ಗುಲಲ್ಲೇ ನಿಲ್ಲಬೇಕು, ಅವರಿಗೆ ಕೇಳಿಸಿದ್ದಷ್ಟೇ ನನಗೂ ಕೇಳಿಸಬೇಕು. ಆದರೆ ನಿಮ್ಮನ್ನು ಕತ್ತಲಲ್ಲಿಟ್ಟು ನನಗೇನು ಲಾಭ? ಒಂದೇ ಒಂದು ಸಲ ನಿಯಮ ಮುರಿಯುತ್ತೇನೆ. ಮಲ್ಲಣ್ಣ ಕೇಳಿದ್ದು: “ಕಾಕಾ, ಏರು ಹತ್ತುವಾಗ ಜೀಪು ಟಕ್ ಟಕ್ ಅಂತದ, ಅದು ದೋಷ ಏನ್ರಿ?” ಶಾಂತಲಿಂಗಪ್ಪ ಕೇಳಿದ್ದು: “ಎರಡೂ ಹ್ಯಾಂಗ ಅದಾವ್ರಿ ಕಾಕಾ?”)

ಇಬ್ಬರ ತುಟಿಗಳೂ ನಿಂತವು. ಹುಸೇನಸಾಬರು ಕೈ ಎತ್ತಿದರು. “ಬರೋಬ್ಬರಿ ಅವ.”

ಅಣ್ಣನಿಗೆ ‘ಸಮ’ ಎಂದು ಕೇಳಿಸಿತು. ಇನ್ನು ತಮ್ಮ ಯಾವುದನ್ನು ಎತ್ತಿಕೊಂಡರೂ ಅನ್ಯಾಯವಿಲ್ಲವೆಂದು ಎದೆ ಹಗುರವಾಯಿತು. ತಮ್ಮನಿಗೆ ‘ಸರಿ’ ಎಂದು ಕೇಳಿಸಿತು. ಉಸ್ತಾದರೇ ಅಂದ ಮೇಲೆ ತಪ್ಪು ತನ್ನ ಕಿವಿಯದ್ದೇ ಅಂದುಕೊಂಡ. ದೇವೀಂದ್ರಪ್ಪ ಕಾಗದ ತೆಗೆದು, ಹುಸೇನಸಾಬರ ಮಾತಿನ ಮೇಲೆ ಎರಡೂ ಗಾಡಿ ಬರೋಬ್ಬರಿ ಎಂದು ಬರೆದುಕೊಂಡರು. ಸೋಮವಾರ ಕರಜಗಿಯಲ್ಲಿ ಹಂಚಿಕೆ ಎಂದು ಗೊತ್ತುಮಾಡಿ ಎಲ್ಲರೂ ಚಹಾ ಕುಡಿದು ಹೋದರು.

೫

ಶನಿವಾರ ಬೆಳಿಗ್ಗೆ ಹಳೆ ಆಯಿಲ್ ಡಬ್ಬಿಗೆ ಸುರುವಲು ಹೋದರು ಹುಸೇನಸಾಬರು. ಬಿಸಿಲು ಓರೆಯಾಗಿ ಬುಟ್ಟಿಯೊಳಗೆ ಬಿದ್ದಿತ್ತು. ಮೆಟಡೋರಿನ ಆಯಿಲ್ ಕರ್ರಗೆ ಸುಮ್ಮನಿತ್ತು. ಜೀಪಿನದ್ದರಲ್ಲಿ ಮಿಣಮಿಣ ಚೂರು. ಬೆರಳು ಅದ್ದಿ ತಿಕ್ಕಿ ನೋಡಿದರು. ಬೇರಿಂಗಿನ ಲೋಹ.

ಅವರು ಅಲ್ಲೇ ಕೂತುಬಿಟ್ಟರು. ಜೀಪಿನ ಬೇರಿಂಗ್ ಸವೆದು ಆಯಿಲಿಗೆ ಬರುತ್ತಿದೆ ಅಂದರೆ ಇಂಜಿನ್ ಬಡಿಯುತ್ತಲೇ ಇರಬೇಕು. ಟಕ್ ಟಕ್, ಟಕ್ ಟಕ್. ಮೊದಲಾದರೆ ಗಾಡಿ ಬಸ್‌ಸ್ಟ್ಯಾಂಡ್ ದಾಟುವ ಮುಂಚೆಯೇ ಅವರಿಗೆ ಗೊತ್ತಾಗುತ್ತಿತ್ತು. ಇನ್ನು ತಿಂಗಳೊಪ್ಪತ್ತಿನಲ್ಲಿ ಒಂದು ದಿನ ಭೀಮಾ ಸೇತುವೆಯ ಆಚೆಯೋ ಈಚೆಯೋ ರಾಡು ಮುರಿದು ಬ್ಲಾಕ್ ಒಡೆದು ಹೊರಬರುತ್ತದೆ. ರೂಢಿಯ ಜೀಪನ್ನೇ ಎತ್ತಿಕೊಳ್ಳುವ ಮಲ್ಲಣ್ಣನ ಪಾಲಿಗೆ ಉಳಿಯುವುದು ಕಬ್ಬಿಣ.

“ಯಾ ಅಲ್ಲಾ,” ಎಂದರು, “ಆ ಹುಡುಗ ನನಗ ಅದನ್ನೇ ಕೇಳಿದ್ನೇನೋ.”

೬, ೭, ೮ (ಒಟ್ಟಿಗೆ, ಯಾಕೆಂದರೆ ಇವು ನಡೆಯಲಿಲ್ಲ)

ಈಗ ಲೇಖಕನ ಕೆಲಸ. ಪಾತ್ರ ಕಷ್ಟದಲ್ಲಿದೆ, ದಾರಿ ತೋರಿಸಬೇಕು. ನಾನು ಮೂರು ದಾರಿ ಬರೆದುಕೊಂಡು ಬೇವಿನ ಮರದ ಕೆಳಗೆ ಹೋದೆ. ಬಲಗಡೆಗೆ ಕೂತೆ.

“ಹುಸೇನಸಾಬ್ರೆ, ಸುಮ್ಮನಿದ್ದುಬಿಡಿ. ಹಳೆ ಇಂಜಿನ್, ಯಾವಾಗಲಾದರೂ ಹೋಗುವಂಥದ್ದೇ. ಯಾರಿಗೆ ಗೊತ್ತಾಗುತ್ತದೆ?”

“ಗೊತ್ತಾಗದಿದ್ರೇ ಘಾತ ಅಲ್ರೀ? ತಿಂಗಳದಾಗ ಜೀಪು ಕೆಟ್ಟು ನಿಲ್ತದ. ಮಲ್ಲಣ್ಣನ ಮನ್ಯಾಗ ಅಂತಾರ: ಹುಸೇನಸಾಬ, ಶಾಂತಲಿಂಗಪ್ಪ ಇಬ್ಬರೂ ಕೂಡಿ ನಮಗ ಮೋಸ ಮಾಡಿದ್ರು. ಆವಾಗ ನೀವು ಬರ್ದೀರಲ್ಲ ಬಡಿಗಿ ಜಗಳ, ಅದು ಖರೇ ಆಗ್ತದ. ನಿಮಗ ಅದೇ ಬೇಕಾಗಿತ್ತೇನು?”

(ನಾನು ತಲೆ ತಗ್ಗಿಸಿದೆ. ಅದೇ ಬೇಕಾಗಿತ್ತು. ಹರಿದ ಪುಟ ಇನ್ನೂ ಕಿಸೆಯಲ್ಲಿತ್ತು.)

“ಹೋಗಲಿ, ಗಾಡಿ ಕರೆಸಿ ಗುಟ್ಟಾಗಿ ರಿಪೇರಿ ಮಾಡಿಬಿಡಿ.”

“ಇಂಜಿನ್ ಇಳಿಸಿ, ಕ್ರ್ಯಾಂಕ್ ಸೊಲ್ಲಾಪುರಕ್ಕ ಒಯ್ದು ಲೇಥಿಗೆ ಹಚ್ಚಬೇಕು. ಎಂಟು ದಿನ ಬೇಕು. ಸೋಮವಾರಕ್ಕ ಎಷ್ಟು ದಿನ ಅದ ಎಣಿಸ್ರಿ.”

“ಸರಿ, ಇದು ನನ್ನ ಒಳ್ಳೆಯ ದಾರಿ, ಕೇಳಿ. ಬುಟ್ಟಿ ತೋರಿಸಿ. ಆಯಿಲಿನಲ್ಲಿ ಚೂರು ಕಂಡಿತು, ಜೀಪು ಬರೋಬ್ಬರಿ ಇಲ್ಲ ಅನ್ನಿ. ಕಿವಿಯ ಮಾತು ಯಾಕೆ ತೆಗೀತೀರಿ? ಜೀಪೂ ಉಳೀತು, ನಿಮ್ಮ ಹೆಸರೂ ಉಳೀತು.”

ಹುಸೇನಸಾಬರು ಬುಟ್ಟಿಯ ಕಡೆ ನೋಡಿದರು. ಆ ದಾರಿ ಅವರಿಗೂ ಹೊಳೆದಿತ್ತು ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ಕಿವಿ ಹೋಗಿದೆ ಎಂದು ಒಮ್ಮೆ ಬಾಯಿಬಿಟ್ಟರೆ ನಾಳೆಯಿಂದ ಸರಸಂಬಾದ ಗಾಡಿ ಬರುವುದಿಲ್ಲ, ಜೇವರ್ಗಿಯದ್ದೂ ಬರುವುದಿಲ್ಲ. ಕಿವುಡ ಮೆಕ್ಯಾನಿಕ್ಕಿನ ಮುಂದೆ ಯಾರು ಬಾನೆಟ್ ಎತ್ತುತ್ತಾರೆ? ಈ ವಯಸ್ಸಿನಲ್ಲಿ ಬೇರೆ ಕೆಲಸ ಬರುವುದಿಲ್ಲ ಅವರಿಗೆ. ಹೆದರಿದ್ದರು, ಪಾಪ.

“ಮಲ್ಲಣ್ಣ ಅದನ್ನೇ ಕೇಳಿರಬೇಕು, ನಾ ಬರೋಬ್ಬರಿ ಅಂದೀನಿ,” ಎಂದರು ಕಡೆಗೆ. “ಬುಟ್ಟಿ ತೋರಿಸಿದ್ರ ಅಂವ ಅಂತಾನ: ಕಾಕಾ, ನಾ ಅವತ್ತೇ ಕೇಳಿದ್ದೆನಲ್ಲ? ಆವಾಗ ನಾ ಸುಳ್ಳಗಾರ ಆಗಬೇಕು, ಇಲ್ಲಾ ಕಿವುಡ ಆಗಬೇಕು. ನಾ ಖರೇ ಅಂದ್ರ ಏನು ಅದೀನಿ, ಅದೇ ಆಗ್ತೀನಿ ಬಿಡ್ರಿ. ಮತ್ತ ಇನ್ನೊಂದು ಮಾತು. ಆ ಹುಡುಗನ ಕಿವಿ ಚಲೋ ಅದ. ಚಲೋ ಕಿವಿ ಇದ್ದಾಂವ ನನ್ನ ಮಾತಿಗೆ ತನ್ನ ಕಿವೀನ ನಂಬದಂಗ ಆಗಬಾರದು.”

ನನ್ನ ಮೂರೂ ದಾರಿ ಮಡಚಿ ಎತ್ತಿಟ್ಟೆ. ಇಂಥ ಪಾತ್ರ ಸಿಕ್ಕರೆ ಲೇಖಕನಿಗೆ ಕೆಲಸವೇ ಇರುವುದಿಲ್ಲ.

೯

ಸೋಮವಾರ. ಹುಸೇನಸಾಬರು ಮೊದಲನೆಯ ಬಸ್ಸಿಗೆ ಕರಜಗಿಗೆ ಹೋದರು. (ನನಗೂ ಒಂದು ಟಿಕೀಟು ತೆಗೆಸಿದರು. ಕಂಡಕ್ಟರ್ ಖಾಲಿ ಸೀಟಿಗೆ ಯಾಕೆ ಎಂದು ಕೇಳಿರಬೇಕು. ಅವರು “ಬರೋಬ್ಬರಿ” ಅಂದರು.)

ಮನೆಯ ಮುಂದೆ ಎರಡೂ ಗಾಡಿ ತೊಳೆದು, ಬಾನೆಟ್ಟಿಗೆ ವಿಭೂತಿ ಬಳಿದು ನಿಲ್ಲಿಸಿದ್ದರು. ಕಟ್ಟೆಯ ಮೇಲೆ ದೇವೀಂದ್ರಪ್ಪ ಕಾಗದ ಬಿಚ್ಚಿಕೊಂಡು ಕೂತಿದ್ದರು. ಗುರುಶಾಂತಮ್ಮ ಬಾಗಿಲಲ್ಲಿ ನಿಂತಿದ್ದಳು. ಗಂಡನ ಗಾಡಿಗಳು ಬೇರೆಬೇರೆ ಅಂಗಳಕ್ಕೆ ಹೋಗುವ ದಿನ, ಹಾಗಾಗಿ ಅವಳ ಮುಖ ಬಾಡಿತ್ತು. ಹಂಚಿಕೆಯಲ್ಲಿ ಮಾತಿಲ್ಲ: ತಮ್ಮ ಹೋಗಿ ಯಾವುದರ ಮೇಲೆ ಕೈ ಇಡುತ್ತಾನೋ ಅದು ಅವನದು. ಮಲ್ಲಣ್ಣ ಎದ್ದು, ತಾಯಿಯ ಕಾಲಿಗೆ ನಮಸ್ಕಾರ ಮಾಡಿ, ತನಗೆ ರೂಢಿಯಾದ ಜೀಪಿನ ಕಡೆಗೆ ನಡೆದ.

“ಮಲ್ಲಣ್ಣಾ, ಕೈ ಇಡಬ್ಯಾಡೋ!”

ತಮ್ಮ ದನಿ ಎಷ್ಟು ಜೋರಾಗಿ ಬಂತೆಂದು ಹುಸೇನಸಾಬರಿಗೆ ತಿಳಿಯಲಿಲ್ಲ. ಕಟ್ಟೆಯ ಮೇಲಿದ್ದವರು ಬೆಚ್ಚಿದ್ದನ್ನು ನೋಡಿ, ಬಹಳ ಜೋರಾಗಿಯೇ ಬಂದಿರಬೇಕು ಅಂದುಕೊಂಡರು. ಅಂಗಳದ ನಡುವೆ ಬಂದು ನಿಂತು ಹೇಳಿದರು:

“ಆ ಜೀಪಿನ ಬೇರಿಂಗ್ ಹೋಗ್ಯದ. ಆಯಿಲಿನಾಗ ಚೂರು ಬಂದಾವ, ನೋಡಿ ಬಂದೀನಿ. ಶುಕ್ರವಾರ ನೀ ನನಗೇನೋ ಕೇಳಿದಿ. ಏನು ಕೇಳಿದಿ ಅಂತ ಇವತ್ತಿಗೂ ನನಗ ಗೊತ್ತಿಲ್ಲ. ಶಾಂತಲಿಂಗಪ್ಪಾ, ನೀನೂ ಏನೋ ಕೇಳಿದಿ. ಅದೂ ಗೊತ್ತಿಲ್ಲ. ನನಗ ಕಿವಿ ಕೇಳಂಗಿಲ್ಲ. ಮೂರು ವರ್ಷ ಆಯ್ತು. ನಾ ಆ ಸ್ಕ್ರೂಡ್ರೈವರ್ ಕಿವಿಗೆ ಹಚ್ಚಿ ನಿಮ್ಮೆಲ್ಲರ ಮುಂದ ನಾಟಕ ಮಾಡೀನಿ. ದೇವೀಂದ್ರಪ್ಪನವ್ರ, ಆ ಕಾಗದದಾಗ ನನ್ನ ಹೆಸರು ಹೊಡದ ಹಾಕ್ರಿ.”

ಆಮೇಲೆ ಎಲ್ಲರ ತುಟಿಗಳೂ ಆಡಿದವು.

ಕೊನೆ?

ನಾನು ಹುಸೇನಸಾಬರ ಎಡಗಡೆ, ಕೇಳದ ಕಿವಿಯ ಕಡೆ ನಿಂತಿದ್ದೇನೆ. ಶುಕ್ರವಾರ ಒಮ್ಮೆ ನಿಯಮ ಮುರಿದವನು ಇವತ್ತೂ ಮುರಿಯಬಹುದಲ್ಲ ಎಂದು ನೀವು ಕೇಳುತ್ತೀರಿ. ಪ್ರಯತ್ನ ಮಾಡಿದೆ. ಒಂದು ಕೊನೆಯಲ್ಲಿ ಶಾಂತಲಿಂಗಪ್ಪ “ಜೀಪು ನನಗಿರಲಿ” ಎಂದು ಬಾನೆಟ್ಟಿನ ಮೇಲೆ ತಾನೇ ಕೈ ಇಟ್ಟ; ಬರೆದ ಕೂಡಲೇ ಅದು ಪಾಠದ ಪುಸ್ತಕದ ಹಾಗೆ ಕಂಡಿತು, ಹೊಡೆದು ಹಾಕಿದೆ. ಇನ್ನೊಂದರಲ್ಲಿ ಮಲ್ಲಣ್ಣ ಸಿಟ್ಟಿಗೆದ್ದು “ಮೂರು ವರ್ಷ ನಮಗ ಮಳ್ಳ ಮಾಡಿದ್ರೇನು ಕಾಕಾ?” ಎಂದು ಕೂಗಿದ, ಕೂಗುವ ಹಕ್ಕು ಅವನಿಗಿದೆ, ಆದರೆ ಅವನ ಮುಖ ಹಾಗಿರಲಿಲ್ಲ. ಹೇಗಿತ್ತು ಎಂದು ಹೇಳಲು ನನಗೆ ಬರುತ್ತಿಲ್ಲ. ಮತ್ತೊಂದರಲ್ಲಿ ಹತ್ತು ವರ್ಷದ ನಂತರ ಅಫಜಲಪುರದ ಬೇವಿನ ಮರದ ಕೆಳಗೆ ಗಾಡಿಗಳ ಸಾಲೇ ನಿಂತಿದೆ. ಅದು ನನ್ನ ಆಸೆ, ಕಥೆಯಲ್ಲ. ಯಾವ ಗಾಡಿ ಯಾರ ಅಂಗಳಕ್ಕೆ ಹೋಯಿತು, ಎರಡರಲ್ಲಿ ಯಾವುದು ಹೆಚ್ಚು ವರ್ಷ ಓಡಿತು ಅನ್ನುವುದನ್ನು ನೀವೇ ಕರಜಗಿಗೆ ಹೋಗಿ ವಿಚಾರಿಸಿಕೊಳ್ಳಿ.

ನನಗೆ ಕಂಡದ್ದು ಇಷ್ಟು. ಗುರುಶಾಂತಮ್ಮ ಬಾಗಿಲು ಬಿಟ್ಟು ಇಳಿದು ಬಂದಳು. ಗಂಡಸರ ನಡುವೆ ಹಾದು ಹುಸೇನಸಾಬರ ಎದುರಿಗೆ ನಿಂತಳು, ಸೆರಗು ಸರಿಮಾಡಿಕೊಂಡು ಏನೋ ಹೇಳಿದಳು. ಅವರು ಎಂದಿನಂತೆ ಕೈ ಎತ್ತಲು ಹೋಗಿ, ಇಳಿಸಿದರು.

“ಕೇಳಲಿಲ್ಲ ವೈನಿ,” ಎಂದರು. “ಇನ್ನೊಮ್ಮೆ ಅನ್ರಿ.”

ಅವಳು ಇನ್ನೊಮ್ಮೆ ಹೇಳಿದಳು.

“ಇಲ್ರಿ, ಇನ್ನೂ ಕೇಳಲಿಲ್ಲ.”

ಗುರುಶಾಂತಮ್ಮ ಅವರ ಬಲಕ್ಕೆ ಬಂದಳು. ಎರಡೂ ಕೈ ಬಾಯಿಗೆ ಒಡ್ಡಿ, ಕಿವಿಯ ಹತ್ತಿರ ಬಾಗಿ, ಮತ್ತೆ ಅದನ್ನೇ ಹೇಳಿದಳು. ಮೂರನೆಯ ಸಲಕ್ಕೆ ಅವರಿಗೆ ಕೇಳಿಸಿತು. ನನಗೆ ಕೇಳಿಸಲಿಲ್ಲ.